ಒಂದೇ ಬೆಟ್ಟದ ಜನರಿಗೆ ಒಂದೇ ಆರೋಗ್ಯ ಪಟ್ಟಿ ಬೇಕು: ಇಬ್ಬರು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಚಿಕ್ಕಮಗಳೂರು ಜಿಲ್ಲೆ
ಮಾನ್ಯ ಜಿಲ್ಲಾಧಿಕಾರಿಗಳು, ಹಾಸನ ಜಿಲ್ಲೆ

ವಿಷಯ: ಕಾಫಿ ತೋಟಗಳ ವಲಸೆ ಕಾರ್ಮಿಕರು ಹಾಗೂ ಅದೇ ಊರುಗಳ ಗಿರಿಜನ, ದಲಿತ ಮತ್ತು ನೆರೆ ಸಂತ್ರಸ್ತ ಕುಟುಂಬಗಳ ಆರೋಗ್ಯ ಕಾರ್ಯಕ್ರಮಗಳನ್ನು ಒಗ್ಗೂಡಿಸುವ ಬಗ್ಗೆ.

ಮಾನ್ಯರೇ,

ನವೆಂಬರ್ ಹೊತ್ತಿಗೆ ನಮ್ಮ ಭಾಗದಲ್ಲಿ ಅರೇಬಿಕಾ ಕೊಯ್ಲು ಶುರುವಾಗುತ್ತದೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಮಾರ್ಚ್‌ವರೆಗೂ ತೋಟಗಳಲ್ಲಿ ಬಿಡುವಿಲ್ಲದ ಕೆಲಸ. ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳ, ಒಡಿಶಾ, ತಮಿಳುನಾಡು ಮತ್ತು ನಮ್ಮದೇ ಉತ್ತರ ಕರ್ನಾಟಕದಿಂದ ಬರುವ ಕುಟುಂಬಗಳು ಮೂಡಿಗೆರೆ, ಚಿಕ್ಕಮಗಳೂರು, ಕೊಪ್ಪ, ಸಕಲೇಶಪುರ, ಬೇಲೂರು, ಆಲೂರು ತಾಲ್ಲೂಕುಗಳ ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ, ಇಳಿದುಕೊಳ್ಳುತ್ತವೆ. ಕೆಲವರು ಕೊಯ್ಲು ಮುಗಿಸಿ ಮರಳುತ್ತಾರೆ. ಹಲವರು ಈಗ ವರ್ಷವಿಡೀ ಇಲ್ಲೇ ಇದ್ದಾರೆ, ಅವರ ಮಕ್ಕಳು ಇಲ್ಲಿನ ಸರ್ಕಾರಿ ಶಾಲೆಯಲ್ಲಿ ಕನ್ನಡ ಓದುತ್ತಿದ್ದಾರೆ. ಮುಂದಿನ ಕೊಯ್ಲಿಗೆ ಮುಂಚೆ ತಾವಿಬ್ಬರೂ ಕೂಡಿ ಒಂದು ತೀರ್ಮಾನ ಮಾಡಬೇಕೆಂದು ಕೇಳಿಕೊಳ್ಳಲು ಈ ಪತ್ರ.

ನಾನು ಮಲೆನಾಡಿನ ಉಪಕೇಂದ್ರಗಳಲ್ಲಿ ಆರೋಗ್ಯ ಸಹಾಯಕಿಯಾಗಿ ದುಡಿದು ನಿವೃತ್ತಳಾದವಳು. ಈಗಲೂ ನಮ್ಮ ಊರಿನ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಗೆ ಹೋಗುತ್ತೇನೆ. ಕರೆದರೆ ಲೈನಿಗೂ ಹೋಗುತ್ತೇನೆ, ಗಿರಿಜನರ ಕಾಲೋನಿಗೂ ಹೋಗುತ್ತೇನೆ. ಇಲ್ಲಿ ಹೇಳಿರುವ ಘಟನೆಗಳು ನನ್ನ ಕಣ್ಣೆದುರು ನಡೆದವು. ಯಾವ ತೋಟ, ಯಾವ ಕೇಂದ್ರ, ಯಾವ ನೌಕರರು ಎಂದು ಬೇಕೆಂದೇ ಬರೆದಿಲ್ಲ. ಒಬ್ಬರಿಗೆ ನೋಟಿಸು ಕೊಟ್ಟು ಕಡತ ಮುಚ್ಚಿದರೆ ಸರಿಹೋಗುವ ಸಂಗತಿ ಇದಲ್ಲ.

ಒಂದೇ ಹಳ್ಳದ ನೀರು ಕುಡಿದು, ಒಂದೇ ಕಾಡಿನ ಸೌದೆ ತಂದು, ಒಂದೇ ತೋಟದಲ್ಲಿ ದುಡಿಯುವ ಜನರನ್ನು ನಮ್ಮ ಆರೋಗ್ಯ ವ್ಯವಸ್ಥೆ ಬೇರೆ ಬೇರೆ ಪಟ್ಟಿಗಳಲ್ಲಿ ಹಂಚಿಟ್ಟಿದೆ. ಹೊರಗಿನಿಂದ ಬಂದವರು ಎಲ್ಲ ಪಟ್ಟಿಗಳಿಂದಲೂ ಜಾರಿಹೋಗುತ್ತಾರೆ. ಇಲ್ಲಿಯವರೇ ಆದ ಬಡವರು ಪಟ್ಟಿಯಲ್ಲಿದ್ದೂ ಸೇವೆ ಕಾಣದೆ ಉಳಿಯುತ್ತಾರೆ. ಇದು ನನ್ನ ದೂರು.

ಕಳೆದ ಕೊಯ್ಲಿನಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಒಂದೇ ವಾರದಲ್ಲಿ ಒಂದೇ ಗುಡ್ಡಕ್ಕೆ ಮೂರು ತಂಡಗಳು ಬಂದವು. ಒಂದು ತಂಡ ಗಿರಿಜನ ಕಾಲೋನಿಯಲ್ಲಿ ಸಿಕಲ್ ಸೆಲ್ ಎಂಬ, ವಂಶದಿಂದ ಬರುವ ರಕ್ತಹೀನತೆಯ ತಪಾಸಣೆ ನಡೆಸಿತು. ಇನ್ನೊಂದು ತೋಟದ ಕಣದಲ್ಲಿ ಶಾಮಿಯಾನ ಹಾಕಿ ಕಾರ್ಮಿಕರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ ಮಾತ್ರೆ ಕೊಟ್ಟಿತು. ಮೂರನೆಯದು ಜ್ವರದ ಸಮೀಕ್ಷೆಗೆಂದು ಬಂದ ಆಶಾ ಕಾರ್ಯಕರ್ತೆಯರದು. ಒಂದು ತಂಡ ಬರುವುದು ಇನ್ನೊಂದಕ್ಕೆ ಗೊತ್ತಿರಲಿಲ್ಲ. ಕಣದಲ್ಲಿ ಶಿಬಿರ ನಡೆಯುವಾಗ ಬೇಲಿಯಾಚೆಯ ಕಾಲೋನಿಯಿಂದ ಹಸಲರ ಸಮುದಾಯದ ಹಿರಿಯರೊಬ್ಬರು ಕೋಲೂರಿಕೊಂಡು ಬಂದರು. ಕಾಲು ಊದಿತ್ತು. ಇದು ಕಾರ್ಮಿಕರಿಗೆ ಮಾತ್ರ ಎಂದು ಅವರನ್ನು ವಾಪಸು ಕಳುಹಿಸಿದರು. ಅವರು ಜೀವಮಾನವಿಡೀ ಅದೇ ತೋಟದಲ್ಲಿ ಗುಂಡಿ ತೆಗೆದವರು, ನೆರಳು ಮರಗಳ ಕೊಂಬೆ ಕಡಿದು ಮರಗಸಿ ಮಾಡಿದವರು. ಈಗ ಕೈಲಾಗದೆ ಮನೆಯಲ್ಲಿದ್ದರು, ಅಷ್ಟೆ. ಸಿಕಲ್ ಸೆಲ್ ತಂಡದವರು ಕಾಲೋನಿಯಲ್ಲಿ ರಕ್ತ ತೆಗೆದು ಲೈನಿನ ಮುಂದೆಯೇ ಹಾದುಹೋದರು. ಲೈನಿನಲ್ಲಿದ್ದವರಲ್ಲಿ ಅರ್ಧ ಜನ ಅಸ್ಸಾಂನ ಚಹಾ ತೋಟಗಳ ಆದಿವಾಸಿಗಳು. ಅವರ ಹಿರಿಯರು ಬ್ರಿಟಿಷರ ಕಾಲದಲ್ಲಿ ಛೋಟಾನಾಗಪುರದ ಕಡೆಯಿಂದ ಹೋದವರು, ಈ ರಕ್ತದೋಷ ಆ ಸಮುದಾಯಗಳಲ್ಲೂ ಇದೆ. 2023ರಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನ 2047ರೊಳಗೆ ಈ ಕಾಯಿಲೆಯನ್ನು ನಿವಾರಿಸುವ ಗುರಿ ಇಟ್ಟುಕೊಂಡಿದೆ. ಆದರೆ ನಮ್ಮ ಗುಡ್ಡದಲ್ಲಿ ಅದು ಬೇಲಿಯ ಬಳಿ ನಿಂತುಬಿಟ್ಟಿತು.

ಅಂದು ಸಂಜೆ ಕಾಲೋನಿಯಲ್ಲಿ ಎದ್ದ ಮಾತು ನನ್ನನ್ನು ಇನ್ನೂ ಕಾಡುತ್ತದೆ: ಹೊರಗಿನವರಿಗೆ ಡಾಕ್ಟರು ತೋಟದ ಬಾಗಿಲಿಗೇ ಬರುತ್ತಾರೆ, ನಮಗೆ ಯಾರು? ಅದೇ ವಾರ ಲೈನಿನ ಹೆಂಗಸರು ಕೇಳಿದ್ದು ಇನ್ನೊಂದು: ಕಾಲೋನಿಯವರಿಗೆ ರಕ್ತ ನೋಡುತ್ತಾರೆ, ನಮ್ಮ ಮಕ್ಕಳಿಗೆ ಏಕಿಲ್ಲ? ಇಬ್ಬರೂ ಕೇಳಿದ್ದು ನ್ಯಾಯವೇ. ಕೂಲಿಯ ದರದ ವಿಷಯದಲ್ಲಿ ಮೊದಲೇ ಇಬ್ಬರ ನಡುವೆ ಕಸಿವಿಸಿ ಇದೆ. ಅದಕ್ಕೆ ಔಷಧಿಯ ಹೆಸರಿನಲ್ಲಿ ನಾವು ಇನ್ನೊಂದು ಜಗಳ ಸೇರಿಸುತ್ತಿದ್ದೇವೆ.

ನಿರಾಶ್ರಿತರ ನಡುವೆ ಕೆಲಸ ಮಾಡುವವರು ಈ ಪಾಠವನ್ನು ಎಂದೋ ಕಲಿತಿದ್ದಾರೆ. ಉಗಾಂಡದಲ್ಲಿ ನಿರಾಶ್ರಿತರಿಗೆಂದು ಬರುವ ನೆರವಿನಲ್ಲಿ ಸುಮಾರು ಶೇ 30ರಷ್ಟು ಅವರಿಗೆ ಜಾಗ ಕೊಟ್ಟ ಸ್ಥಳೀಯರಿಗೆ ಸಲ್ಲಬೇಕೆಂಬ ತತ್ವವಿದೆ. ಇಬ್ಬರೂ ಒಂದೇ ಆಸ್ಪತ್ರೆಗೆ ಹೋಗುತ್ತಾರೆ. 2017ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಜನರು ಬಾಂಗ್ಲಾದೇಶದ ಕಾಕ್ಸ್ ಬಜಾರ್‌ಗೆ ಬಂದ ಮೇಲೆ, 2018ರ ಕಾಲರಾ ಲಸಿಕೆಯನ್ನು ಶಿಬಿರಗಳ ಜೊತೆಗೆ ಸುತ್ತಲ ಹಳ್ಳಿಗಳ ಜನರಿಗೂ ಹಾಕಲಾಯಿತು. ಅಷ್ಟು ದೂರ ಹೋಗುವುದೂ ಬೇಡ. 1961ರಲ್ಲಿ ಬೈಲಕುಪ್ಪೆಯಲ್ಲಿ ನೆಲೆ ನಿಂತ ಟಿಬೆಟನ್ನರ ಆಸ್ಪತ್ರೆಗೆ ಇಂದು ಸುತ್ತಮುತ್ತಲಿನ ಕನ್ನಡದ ಹಳ್ಳಿಗಳವರೂ ಹೋಗುತ್ತಾರೆ. ನಮ್ಮ ತೋಟಗಳಿಗೆ ಬರುವವರು ಕಾನೂನಿನ ಅರ್ಥದಲ್ಲಿ ನಿರಾಶ್ರಿತರಲ್ಲ, ಈ ದೇಶದಲ್ಲೇ ದುಡಿಮೆ ಅರಸಿ ಬಂದವರು. ಆದರೆ ಆರೋಗ್ಯ ಸೇವೆಯ ಮಟ್ಟಿಗೆ ಅವರ ಪಾಡು ನೆಲೆ ತಪ್ಪಿದವರ ಪಾಡೇ.

ನೆಲೆ ತಪ್ಪುವುದೆಂದರೆ ಏನೆಂದು ಈ ಎರಡು ಜಿಲ್ಲೆಗಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಗೊರೂರಿನ ಹೇಮಾವತಿ ಜಲಾಶಯಕ್ಕೆ ಊರು ಬಿಟ್ಟವರು ಹಾಸನದಲ್ಲಿದ್ದಾರೆ. ಭದ್ರಾ ಅಭಯಾರಣ್ಯದಿಂದ ಹೊರಬಂದವರು ಎಂ.ಸಿ. ಹಳ್ಳಿ, ಕೆಳಗೂರಿನಲ್ಲಿದ್ದಾರೆ. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದು ಮನೆ, ತೋಟ, ಗದ್ದೆ ಕಳೆದುಕೊಂಡವರು ಪರಿಹಾರ ಕೇಂದ್ರ, ನೆಂಟರ ಮನೆ, ಬಾಡಿಗೆ ಮನೆ ಎಂದು ಅಲೆದದ್ದನ್ನು ನಾವೆಲ್ಲ ನೋಡಿದ್ದೇವೆ. ಸಕ್ಕರೆ ಕಾಯಿಲೆಯ ಮಾತ್ರೆ ಹಳೆಯ ಊರಿನ ಉಪಕೇಂದ್ರದಲ್ಲಿ, ಮನುಷ್ಯ ಹೊಸ ಊರಿನಲ್ಲಿ. ಮಗುವಿನ ಲಸಿಕೆ ಕಾರ್ಡು ಮಣ್ಣಿನಡಿಯಲ್ಲಿ. ಅಸ್ಸಾಂನ ತಾಯಿಗೆ ಇಂದು ಆಗುತ್ತಿರುವುದೇ ಅಂದು ನಮ್ಮವರಿಗೂ ಆಯಿತು.

ಅಂಥ ಒಬ್ಬ ತಾಯಿಯ ವಿಷಯ ಹೇಳಲೇಬೇಕು. ಏಳು ತಿಂಗಳ ಬಸುರಿ, ಇಪ್ಪತ್ತರ ಆಸುಪಾಸಿನ ವಯಸ್ಸು. ತವರಿನಲ್ಲಿ ಮಾಡಿಸಿದ ತಾಯಿ ಮತ್ತು ಮಗುವಿನ ರಕ್ಷಣಾ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಸುತ್ತಿ ತಂದಿದ್ದಳು. ಇಲ್ಲಿ ತಾಯಿ ಕಾರ್ಡ್ ಮಾಡಿಸಲು ಹೋದಾಗ ವಿಳಾಸದ ಪುರಾವೆ ಕೇಳಿದರು. ಅಂಗನವಾಡಿಯಲ್ಲಿ ಗರ್ಭಿಣಿಯರಿಗೆ ಕೊಡುವ ಮಾತೃಪೂರ್ಣದ ಊಟಕ್ಕೂ ಹೆಸರು ಸೇರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿದರೆ, ಇವರು ನನ್ನ ಸಮೀಕ್ಷೆಯಲ್ಲಿಲ್ಲ ಅಮ್ಮ, ಸೇರಿಸಿಕೊಂಡರೆ ಮೇಲಿನವರು ಲೆಕ್ಕ ಕೇಳುತ್ತಾರೆ ಎಂದಳು. ಸುಳ್ಳಲ್ಲ ಅವಳ ಮಾತು. ಆ ತಾಯಿಗೆ ಕಬ್ಬಿಣಾಂಶದ ಮಾತ್ರೆ ಸಿಗಲಿಲ್ಲ, ಕೊನೆಯ ತಿಂಗಳುಗಳ ತಪಾಸಣೆ ಆಗಲಿಲ್ಲ. ನೋವು ಬಂದ ರಾತ್ರಿ ತೋಟದ ಪಿಕಪ್ಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ ಸಾಗಿಸಿ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಒಯ್ದು, ರಕ್ತ ಕೊಡಿಸಬೇಕಾಯಿತು. ತಾಯಿ ಮಗು ಉಳಿದರು. ಆದರೆ ಅದೇ ತಿಂಗಳು ಕಾಲೋನಿಯ ಬಾಣಂತಿಯೊಬ್ಬಳೂ ಇಂಥದೇ ಸಂಕಟ ಪಟ್ಟಳೆಂಬುದನ್ನು ಇಲ್ಲಿ ಸೇರಿಸಬೇಕು. ಅವಳ ಹೆಸರು ಎಲ್ಲ ಪಟ್ಟಿಯಲ್ಲೂ ಇತ್ತು, ತಾಯಿ ಕಾರ್ಡೂ ಇತ್ತು. ಕಾಲೋನಿಗೆ ರಸ್ತೆ ಇರಲಿಲ್ಲ. 108 ವಾಹನ ಮುಖ್ಯ ರಸ್ತೆಯಲ್ಲೇ ನಿಂತಿತು, ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು. ತೋಟದ ಪಿಕಪ್ಪು ಅವಳಿಗೂ ಬರಬಹುದಿತ್ತು, ಕಾಲೋನಿಯ ಆಶಾ ಲೈನಿನ ತಾಯಿಗೂ ಮಾತ್ರೆ ಕೊಡಬಹುದಿತ್ತು. ಇಬ್ಬರ ನಡುವೆ ಇದ್ದದ್ದು ಹತ್ತು ನಿಮಿಷದ ಕಾಲುದಾರಿ.

ಕ್ಷಯದ ವಿಷಯ ಇನ್ನೂ ಗಂಭೀರ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು ಬಿಡದೆ ಔಷಧಿ ತೆಗೆದುಕೊಳ್ಳಬೇಕು. ಅರೇಬಿಕಾ ಕೊಯ್ಲು ಎರಡು ಮೂರು ತಿಂಗಳಲ್ಲಿ ಮುಗಿಯುತ್ತದೆ. ಲೈನಿನಲ್ಲಿ ಔಷಧಿ ಶುರು ಮಾಡಿದ ಒಬ್ಬ ಯುವಕ ಎರಡನೆಯ ತಿಂಗಳಲ್ಲಿ, ಕೆಲಸಕ್ಕೆ ಜನ ಕರೆದೊಯ್ಯುವ ಮೇಸ್ತ್ರಿಯ ಜೊತೆ ಸಕಲೇಶಪುರದ ಕಡೆಯ ತೋಟಕ್ಕೆ ಹೋದ. ಕ್ಷಯ ರೋಗಿಗಳ ವಿವರ ಇಡುವ ಸರ್ಕಾರದ ನಿಕ್ಷಯ್ ದಾಖಲೆಯಲ್ಲಿ ರೋಗಿಯನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಾಯಿಸುವ ಅವಕಾಶವಿದೆ, ಕೆಲವು ನಿಮಿಷಗಳ ಕೆಲಸ. ಹೋಗುತ್ತಿದ್ದಾನೆಂದು ಯಾರಿಗೂ ತಿಳಿಯದ ಕಾರಣ ಯಾರೂ ಮಾಡಲಿಲ್ಲ. ಪೌಷ್ಟಿಕ ಆಹಾರಕ್ಕೆಂದು ರೋಗಿಗೆ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ ಆಗಿದೆ. ಅದೂ ಅವನನ್ನು ಹಿಂಬಾಲಿಸಲಿಲ್ಲ. ಮಳೆಗಾಲಕ್ಕೆ ಮುಂಚೆ ಅವನು ಮತ್ತೆ ನಮ್ಮ ಕಡೆ ಬಂದಾಗ ಮೂಳೆ ಚಕ್ಕಳವಾಗಿದ್ದ. ಅಷ್ಟರಲ್ಲಿ ಅದೇ ತೋಟದಲ್ಲಿ ದುಡಿಯುವ ಕಾಲೋನಿಯ ಹೆಂಗಸೊಬ್ಬಳಿಗೂ ಕ್ಷಯ ಪತ್ತೆಯಾಗಿತ್ತು. ಯಾರಿಂದ ಯಾರಿಗೆ ಎಂದು ನಾನು ಹೇಳಲಾರೆ, ಹಾಗೆ ಬೆರಳು ತೋರುವುದು ಸರಿಯೂ ಅಲ್ಲ. ರೋಗಿಯ ಮನೆಯವರನ್ನೆಲ್ಲ ಪರೀಕ್ಷಿಸಬೇಕೆಂಬ ನಿಯಮವಿದೆ. ಆದರೆ ತಗಡಿನ ಒಂದು ಗೋಡೆಯ ಆಚೀಚೆ ಎಂಟು ಕುಟುಂಬ ಮಲಗುವ ಲೈನಿನಲ್ಲಿ, ಒಂದೇ ಜೀಪಿನಲ್ಲಿ ತುಂಬಿಕೊಂಡು ಕೆಲಸಕ್ಕೆ ಹೋಗುವ ಜನರಲ್ಲಿ, ಮನೆಯವರು ಎಂದರೆ ಯಾರು?

ಇನ್ನು ಮಂಗನ ಕಾಯಿಲೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ಜ್ವರ ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಗೆ ಬಂದು ವರ್ಷಗಳಾದವು. ಇದನ್ನು ಹರಡುವ ಉಣ್ಣೆಗಳು (ಉಣುಗುಗಳು) ಹೆಚ್ಚಾಗಿ ಕಚ್ಚುವುದು ಡಿಸೆಂಬರ್‌ನಿಂದ ಮೇವರೆಗೆ, ಅಂದರೆ ಸರಿಯಾಗಿ ಕೊಯ್ಲಿನ ಕಾಲಕ್ಕೆ. ಹಳೆಯ ಲಸಿಕೆಯ ಪರಿಣಾಮ ಸಾಲದೆಂದು ನಿಲ್ಲಿಸಿದ ಮೇಲೆ ಜನರಿಗೆ ಉಳಿದಿರುವುದು ಎಚ್ಚರವೊಂದೇ: ಕಾಡಿಗೆ ಹೋಗುವಾಗ ಉಣ್ಣೆ ಕಚ್ಚದಂತೆ ಡೇಪಾ ತೈಲ ಹಚ್ಚಿಕೊಳ್ಳುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಕೂಡಲೇ ತಿಳಿಸುವುದು, ಜ್ವರ ಬಂದರೆ ಅಡಗಿಸಿಡದಿರುವುದು. ಮಲೆಕುಡಿಯರ, ಹಸಲರ ಮಕ್ಕಳಿಗೂ ಇದು ಗೊತ್ತು. ಮೊನ್ನೆ ಬಂದಿಳಿದವನಿಗೆ ಹೇಗೆ ಗೊತ್ತಾಗಬೇಕು? ಗೋಡೆಗೆ ಅಂಟಿಸಿದ ಕನ್ನಡದ ಭಿತ್ತಿಪತ್ರ ಅವನಿಗೆ ಓದಲು ಬಾರದು. ಸೌದೆಗೆ ಹೋಗುವುದು ಅವನೂ, ಕಾಲೋನಿಯವರೂ ಒಂದೇ ಕಾಡಿಗೆ. ಅವನು ಕಂಡ ಸತ್ತ ಮಂಗದ ಸುದ್ದಿ ಆರೋಗ್ಯ ಕೇಂದ್ರಕ್ಕೆ ಮುಟ್ಟದಿದ್ದರೆ ಅಪಾಯ ಕಾಲೋನಿಗೂ ಬರುತ್ತದೆ.

ಭಾಷೆಯ ವಿಷಯ ಬಂದಿದ್ದರಿಂದ ಒಂದು ಮಾತು. ಲೈನಿನ ತಾಯಂದಿರಿಗೂ ನಮ್ಮ ದಾದಿಯರಿಗೂ ನಡುವೆ ಮಾತು ದಾಟಿಸುವವರು ಕನ್ನಡ ಶಾಲೆಗೆ ಹೋಗುವ ಅವರ ಮಕ್ಕಳು. ತಾಯಿಗೆ ಮುಟ್ಟಿನ ರಕ್ತಸ್ರಾವ ನಿಲ್ಲುತ್ತಿಲ್ಲವೆಂಬುದನ್ನು ನಾಲ್ಕನೆಯ ತರಗತಿಯ ಹುಡುಗಿ ತಲೆತಗ್ಗಿಸಿಕೊಂಡು ಹೇಳುವುದನ್ನು ನಾನು ಕೇಳಿದ್ದೇನೆ. ಆ ಹೊರೆಯನ್ನು ಮಗುವಿನ ಮೇಲೆ ಹೇರಬಾರದು. ಹಿಂದಿ ಎಲ್ಲರಿಗೂ ಬರುತ್ತದೆಂಬ ನಂಬಿಕೆಯೂ ತಪ್ಪು; ಹಲವರ ಮನೆಮಾತು ಚಹಾ ತೋಟದ ಆದಿವಾಸಿಗಳ ಸಾದ್ರಿ, ಕೆಲವರದು ಬಂಗಾಳಿ, ಒಡಿಯಾ.

ಮಾನ್ಯರೇ, ಈ ಸ್ಥಿತಿಗೆ ಯಾರದೋ ಕೆಟ್ಟತನ ಕಾರಣವೆಂದು ನಾನು ಭಾವಿಸುವುದಿಲ್ಲ. ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ, 20,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬುದು ಮಾನದಂಡ. ಕೊಯ್ಲಿನಲ್ಲಿ ಬಂದು ಸೇರುವವರು ಆ ಎಣಿಕೆಯಲ್ಲಿಲ್ಲ. ಮಾತ್ರೆಯೂ ಲಸಿಕೆಯೂ ಎಣಿಕೆಗೆ ತಕ್ಕಂತೆ ಬರುತ್ತವೆ. 1951ರ ತೋಟ ಕಾರ್ಮಿಕರ ಕಾಯ್ದೆ ವಸತಿ, ವೈದ್ಯಕೀಯ ಸೌಲಭ್ಯವನ್ನು ಮಾಲೀಕರ ಹೊಣೆ ಮಾಡಿತು. ಈಗ ಆ ವಿಷಯಗಳು 2020ರ ಕಾರ್ಮಿಕ ಸಂಹಿತೆಯಲ್ಲಿ ಸೇರಿವೆ. ಆದರೆ ಹಳೆಯ ಕಾಯ್ದೆ ಅನ್ವಯಿಸುತ್ತಿದ್ದುದೇ 5 ಹೆಕ್ಟೇರ್‌ಗಿಂತ ಕಡಿಮೆಯಿಲ್ಲದ, 15 ಅಥವಾ ಹೆಚ್ಚು ಕಾರ್ಮಿಕರಿರುವ ತೋಟಗಳಿಗೆ. ನಮ್ಮಲ್ಲಿ ಬಹುಪಾಲು ಬೆಳೆಗಾರರು ಸಣ್ಣವರು. ನಾಲ್ಕು ಎಕರೆಯ ಬೆಳೆಗಾರ ವೈದ್ಯರನ್ನು ಎಲ್ಲಿಂದ ತರುತ್ತಾನೆ? ಅವನಿಗೆ ಹೆಸರು ಬರೆಸಿದರೆ ದಂಡ ಬೀಳುತ್ತದೆಂಬ ಹೆದರಿಕೆ. ಆಶಾ ಕಾರ್ಯಕರ್ತೆಗೆ ಕೆಲಸ ಹೆಚ್ಚಿ ಪ್ರೋತ್ಸಾಹಧನ ಹೆಚ್ಚದಿರುವ ಬೇಸರ.

ಕಾರ್ಮಿಕನಿಗಂತೂ ದಾಖಲೆಯ ಭಯ. ಇತ್ತೀಚಿನ ವರ್ಷಗಳಲ್ಲಿ ಅಸ್ಸಾಂ, ಬಂಗಾಳದಿಂದ ಬಂದವರ ಗುರುತಿನ ಬಗ್ಗೆ ನಮ್ಮ ಜಿಲ್ಲೆಗಳಲ್ಲಿ ಎದ್ದಿರುವ ಗಲಾಟೆ ತಮಗೆ ತಿಳಿದೇ ಇದೆ. ದಾಖಲೆ ಪರಿಶೀಲನೆ ಪೊಲೀಸರ ಕೆಲಸ, ಅವರು ಕಾನೂನಿನಂತೆ ಮಾಡಲಿ. ದಾದಿಯ ಪುಸ್ತಕ ಅದಕ್ಕೆ ಬಳಕೆಯಾಗಬಾರದು. ಆಸ್ಪತ್ರೆಗೆ ಹೋದರೆ ಆಧಾರ್ ಕೇಳುತ್ತಾರೆ, ಆಮೇಲೆ ಯಾರೋ ಬರುತ್ತಾರೆ ಎಂಬ ಮಾತು ಒಂದು ಲೈನಿನಲ್ಲಿ ಹುಟ್ಟಿದರೆ ಸಾಕು, ಹತ್ತು ಲೈನುಗಳ ಜ್ವರ ಮುಚ್ಚಿಹೋಗುತ್ತದೆ. ಆಗ ಹರಡುವ ರೋಗಕ್ಕೆ ಊರಿನ ಮಕ್ಕಳೂ ತುತ್ತಾಗುತ್ತಾರೆ.

ಹಾಗಾಗಿ ನನ್ನ ಮೊದಲ ಮತ್ತು ಮುಖ್ಯ ಬೇಡಿಕೆ: ಪ್ರತಿ ಉಪಕೇಂದ್ರಕ್ಕೆ ವಾಸದ ಜಾಗವನ್ನೇ ಆಧಾರವಾಗಿಟ್ಟುಕೊಂಡ ಒಂದೇ ಪಟ್ಟಿ ಇರಲಿ. ಲೈನು, ಗಿರಿಜನ ಕಾಲೋನಿ, ದಲಿತ ಕೇರಿ, ಸಂತ್ರಸ್ತರ ಬಾಡಿಗೆ ಮನೆ, ಎಲ್ಲವೂ ಅದರಲ್ಲಿ ಬರಲಿ. ಇಂದು ರಾತ್ರಿ ಅಲ್ಲಿ ಮಲಗುವವರೆಲ್ಲ ಆ ಉಪಕೇಂದ್ರದ ಜನ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ದೀರ್ಘಕಾಲ ಔಷಧಿ ತೆಗೆದುಕೊಳ್ಳುವವರು, ಇಷ್ಟು ವಿವರ ಸಾಕು. ವಿಳಾಸದ ಪುರಾವೆ ಇಲ್ಲದಿದ್ದರೂ ಹೆಸರು ಸೇರಬೇಕು. ಈ ಪಟ್ಟಿ ಆರೋಗ್ಯದ ಕೆಲಸಕ್ಕಲ್ಲದೆ ಬೇರೆ ಯಾವ ಇಲಾಖೆಗೂ ಹೋಗದೆಂದು ತಾವೇ ಲಿಖಿತ ಆದೇಶ ಹೊರಡಿಸಿ, ಅದನ್ನು ಲೈನುಗಳಲ್ಲಿ ಅವರ ಭಾಷೆಯಲ್ಲಿ ಓದಿ ಹೇಳಿಸಬೇಕು. ಈ ಪಟ್ಟಿಯ ಲೆಕ್ಕಕ್ಕೇ ಔಷಧಿ, ಲಸಿಕೆ ಮತ್ತು ಆಶಾ ಕಾರ್ಯಕರ್ತೆಯರ ಪ್ರೋತ್ಸಾಹಧನ ಬರಬೇಕು. ಹಣ ಹೆಚ್ಚಿಸದೆ ಮನೆ ಹೆಚ್ಚಿಸುವುದು ಆ ಹೆಣ್ಣುಮಕ್ಕಳಿಗೆ ಮಾಡುವ ಅನ್ಯಾಯ.

ಎರಡನೆಯದು ದಿನ ಮತ್ತು ಹೊತ್ತು. ಆರೋಗ್ಯ ಕೇಂದ್ರದ ಹೊರರೋಗಿ ವಿಭಾಗ ತೆರೆದಿರುವುದು ಜನ ತೋಟದಲ್ಲಿರುವ ಹೊತ್ತಿನಲ್ಲಿ. ಹಣ್ಣು ಕೊಯ್ಯುವುದು ಕಿಲೋ ಲೆಕ್ಕದಲ್ಲಿ. ಒಂದು ದಿನ ಬಿಟ್ಟರೆ ಸಂಪಾದನೆಯೇ ಇಲ್ಲ. ಇದು ಲೈನಿನವರಿಗೂ ಕಾಲೋನಿಯವರಿಗೂ ಸಮಾನ ಕಷ್ಟ. ಕೊಯ್ಲಿನ ತಿಂಗಳುಗಳಲ್ಲಾದರೂ ಸಂತೆಯ ರಜೆಯ ದಿನವೋ ಸಂಜೆಯ ಹೊತ್ತೋ ಕೂಡು ಆರೋಗ್ಯ ದಿನ ನಡೆಯಲಿ. ಒಮ್ಮೆ ತೋಟದ ಕಣದಲ್ಲಿ, ಇನ್ನೊಮ್ಮೆ ಕಾಲೋನಿಯ ಅಂಗನವಾಡಿಯಲ್ಲಿ. ಲಸಿಕೆ, ಗರ್ಭಿಣಿಯರ ತಪಾಸಣೆ, ಕಫ ಪರೀಕ್ಷೆ, ಸಿಕಲ್ ಸೆಲ್, ಮಲೇರಿಯಾಕ್ಕೆ ರಕ್ತದ ಪರೀಕ್ಷೆ ಎಲ್ಲವೂ ಒಂದೇ ದಿನ, ಬಂದವರೆಲ್ಲರಿಗೂ. ಯಾವ ಇಲಾಖೆಯ ಶಿಬಿರವೇ ಆಗಲಿ ಆ ದಿನದೊಳಗೆ ಬರಲಿ. ಬಂದವರನ್ನು ನೀವು ಯಾರ ಪಟ್ಟಿಯವರು ಎಂದು ಕೇಳಿ ಕಳುಹಿಸುವುದು ನಿಲ್ಲಲಿ.

ಮೂರನೆಯದು ತಾವಿಬ್ಬರೂ ಕೂತು ಮಾಡಬೇಕಾದ ಕೆಲಸ, ಅದಕ್ಕಾಗಿಯೇ ಈ ಪತ್ರ ಇಬ್ಬರಿಗೂ. ಮೂಡಿಗೆರೆಗೂ ಸಕಲೇಶಪುರಕ್ಕೂ ನಡುವಿನ ಗಡಿ ಮೇಸ್ತ್ರಿಯ ಜೀಪಿಗೆ ಲೆಕ್ಕಕ್ಕಿಲ್ಲ. ಗಡಿಯ ತಾಲ್ಲೂಕುಗಳ ಆರೋಗ್ಯಾಧಿಕಾರಿಗಳು ಕೊಯ್ಲಿನ ಕಾಲದಲ್ಲಿ ಹದಿನೈದು ದಿನಕ್ಕೊಮ್ಮೆ ಮಾತನಾಡಿ ಯಾರು ಹೋದರು, ಯಾರು ಬಂದರು ಎಂದು ತಿಳಿಸಿಕೊಳ್ಳಲಿ. ಕ್ಷಯದ ರೋಗಿಗೆ, 14 ದಿನ ಪ್ರೈಮಾಕ್ವಿನ್ ತೆಗೆದುಕೊಳ್ಳಬೇಕಾದ ಮಲೇರಿಯಾ ರೋಗಿಗೆ, ತುಂಬು ಬಸುರಿಗೆ ಹೊರಡುವಾಗ ಕೈಗೆ ಚೀಟಿ ಮತ್ತು ದಾರಿಗೆ ಬೇಕಾದಷ್ಟು ಮಾತ್ರೆ ಕೊಡಲಿ. ಯಾರು ಯಾವಾಗ ಹೊರಡುತ್ತಾರೆಂಬುದು ಮೊದಲು ಗೊತ್ತಾಗುವುದು ತೋಟದ ಲೆಕ್ಕ ಬರೆಯುವ ರೈಟರಿಗೆ ಮತ್ತು ಮೇಸ್ತ್ರಿಗೆ. ಆರೋಗ್ಯ ಕೇಂದ್ರಕ್ಕೆ ಒಂದು ಫೋನ್ ಮಾಡುವ ಹೊಣೆಯನ್ನು ಅವರಿಗೆ ಒಪ್ಪಿಸಲು ಬೆಳೆಗಾರರ ಸಂಘಗಳನ್ನು ಕರೆದು ಮಾತನಾಡಿಸಿ. ತೋಟದ ವಾಹನವನ್ನು ಕಾಲೋನಿಯ ತುರ್ತಿಗೂ ಕೊಡಬೇಕೆಂದು ಅದೇ ಸಭೆಯಲ್ಲಿ ಕೇಳಿ. ಕೊಡುವವರು ಬಹಳ ಜನ ಇದ್ದಾರೆ, ಇದುವರೆಗೆ ಯಾರೂ ಕೇಳಿಲ್ಲ.

ಲೈನಿನಿಂದ ಒಬ್ಬಳು, ಕಾಲೋನಿಯಿಂದ ಒಬ್ಬಳು, ಹೀಗೆ ಓದು ಬಲ್ಲ ಇಬ್ಬರು ಹೆಣ್ಣುಮಕ್ಕಳಿಗೆ ತರಬೇತಿ ಮತ್ತು ಗೌರವಧನ ಕೊಟ್ಟು ಆಶಾ ಕಾರ್ಯಕರ್ತೆಯ ಜೊತೆ ಕಳುಹಿಸಿದರೆ ಭಾಷೆಯ ಗೋಳು ಅರ್ಧ ಕಡಿಮೆಯಾಗುತ್ತದೆ. ಪುಟ್ಟ ಮಕ್ಕಳಿಗೆ ಪಂಚಾಯಿತಿಗಳ ಕೂಸಿನ ಮನೆಗಳನ್ನು (ಶಿಶುಪಾಲನಾ ಕೇಂದ್ರಗಳನ್ನು) ಕೊಯ್ಲಿನ ಕಾಲದಲ್ಲಿ ತೋಟದ ತಾಯಂದಿರಿಗೂ ತೆರೆದಿಡಬಹುದು. ಕಾಲೋನಿಯ ರಸ್ತೆಯ ಬಗ್ಗೆ ಬೇರೆಯೇ ಅರ್ಜಿ ಕೊಟ್ಟಿದ್ದೇವೆ. ಅದನ್ನು ಆರೋಗ್ಯದ ಅರ್ಜಿಯೆಂದೇ ಓದಬೇಕೆಂದು ವಿನಂತಿ.

ಇದಕ್ಕೆ ಹೊಸ ಯೋಜನೆ, ಹೊಸ ಹೆಸರು, ಉದ್ಘಾಟನೆ ಯಾವುದೂ ಬೇಡ. ಅಕ್ಟೋಬರ್ ಮುಗಿಯುವ ಮೊದಲು ಎರಡೂ ಜಿಲ್ಲೆಗಳ ಆರೋಗ್ಯ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕಾರ್ಮಿಕ, ಗಿರಿಜನ ಕಲ್ಯಾಣ ಇಲಾಖೆಗಳ ಅಧಿಕಾರಿಗಳನ್ನು ಒಂದು ದಿನ ಒಂದೆಡೆ ಕೂರಿಸಿ. ಆಶಾ ಕಾರ್ಯಕರ್ತೆಯರೂ, ಲೈನಿನ ಮತ್ತು ಕಾಲೋನಿಯ ಹೆಂಗಸರೂ ಅಧಿಕಾರಿಗಳ ಜೊತೆ ಅದೇ ಮೇಜಿನ ಸುತ್ತ ಕೂರಲಿ, ಹಿಂದಿನ ಸಾಲಿನಲ್ಲಲ್ಲ. ಅವರಿಗೆ ಅಂದಿನ ಕೂಲಿ ಕೊಡಿಸಿ. ಸಭೆ ಮೂಡಿಗೆರೆಯಲ್ಲಾದರೂ ಸರಿ, ಸಕಲೇಶಪುರದಲ್ಲಾದರೂ ಸರಿ; ದಿನ ತಿಳಿಸಿದರೆ ನಮ್ಮ ಗುಡ್ಡದಿಂದ ಅವರನ್ನು ಕರೆತರುವ ಹೊಣೆ ನನ್ನದು. ತಮ್ಮ ಉತ್ತರವನ್ನು ಎದುರು ನೋಡುತ್ತಿದ್ದೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಆರೋಗ್ಯ ಸಹಾಯಕಿ
ಮೂಡಿಗೆರೆ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ